ಮುಯ್ಯಾಳುಗಳ ಊಟ

ಝಂಡಾ ಸಿಂಗ್‌ನ ಮನೆಯಲ್ಲಿ ಹಣದ ಪೆಟ್ಟಿಗೆಗೆ ಬೀಗ ಇರಲಿಲ್ಲ, ತುಪ್ಪದ ಕೋಣೆಗೆ ಇತ್ತು. ಆ ಬೀಗದ ಕೈ ಅವನ ಲಾಡಿಗೆ ಕಟ್ಟಿಕೊಂಡಿರುತ್ತಿತ್ತು. ಎಮ್ಮೆ ಕರೆಯುವವಳು, ಮೊಸರು ಕಡೆಯುವವಳು, ಬೆಣ್ಣೆ ಕಾಯಿಸುವವಳು ಅವನ ಹೆಂಡತಿ ನಿಹಾಲ್ ಕೌರ್. ಆದರೆ ಅವಳ ರೊಟ್ಟಿಗೆ ತುಪ್ಪ ಬೇಕೆಂದರೆ ಅವನನ್ನೇ ಕೇಳಬೇಕು.

ಅವನು ನನ್ನ ಗಂಡನಿಗೆ ದೊಡ್ಡಪ್ಪನ ಮಗ, ನನಗೆ ಭಾವ. ನಿಹಾಲ್ ಕೌರ್ ನನ್ನ ಓರಗಿತ್ತಿ. ನಮ್ಮ ಎರಡೂ ಅಂಗಳಗಳ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಹಾಗಾಗಿ ನಾನು ಹೇಳುತ್ತಿರುವುದು ಯಾರಿಂದಲೋ ಕೇಳಿದ್ದಲ್ಲ, ಕಂಡದ್ದು.

ನಾನು ಹೇಳಹೊರಟ ಊಟಕ್ಕೆ ಹಿಂದಿನ ವರ್ಷ ಗೋಧಿ ಕುಯ್ಲಿಗೆ ಅವಳ ತಮ್ಮ ಮೇವಾ ಸಿಂಗ್ ಮುಯ್ಯಾಳಾಗಿ ಬಂದಿದ್ದ. ನಮ್ಮಲ್ಲಿ ಮುಯ್ಯಾಳಿಗೆ ಕೂಲಿ ಇಲ್ಲ. ಡೋಲಿನ ಪೆಟ್ಟಿಗೆ ಕುಡುಗೋಲು ಬೀಸಿ ಹೊಲ ಮುಗಿಸಿಕೊಡುತ್ತಾನೆ. ಹೊಲದವನು ತಂದೂರಿ ರೊಟ್ಟಿ, ಬೆಲ್ಲದ ಪುಡಿ, ಕಾಯಿಸಿದ ತುಪ್ಪ ಬಡಿಸುತ್ತಾನೆ. ಉಣ್ಣುವವನು ಬಟ್ಟಲಿನ ಮೇಲೆ ಅಂಗೈ ಮುಚ್ಚುವ ತನಕ ಸುರಿಯುತ್ತಲೇ ಇರಬೇಕು. ಅದು ಅಜ್ಜಂದಿರ ಕಾಲದ ಕಟ್ಟಳೆ.

ಮೇವಾ ಎರಡನೆಯ ಸಲ ಬಟ್ಟಲು ಚಾಚಿದ. ಝಂಡಾ ಸಿಂಗ್ ಅದನ್ನು ಕೈಯಿಂದ ಕಸಿದುಕೊಂಡ.

“ಇದು ಹೊಟ್ಟೆಯೋ ಹಗೇವೋ? ಅಕ್ಕನ ಮನೆ ಕೂಳಿಗೆ ಕಾದು ಕೂತ ತಮ್ಮ ನಾಯಿಗೆ ಸಮ ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ?”

ಕೆಲವರು ನಕ್ಕರು. ಮೇವಾ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಎದ್ದು ಕೈ ತೊಳೆದ. “ಅಕ್ಕಾ, ಬರ್ತೀನಿ” ಅಂದ. ಆಮೇಲೆ ಬರಲೇ ಇಲ್ಲ. ರಾಖಿಗೆ ಬರಲಿಲ್ಲ, ಸಂಕ್ರಾಂತಿ ಹೊತ್ತಿನ ಲೋಹ್ರಿ ಹಬ್ಬಕ್ಕೆ ತವರಿನ ಎಳ್ಳುಬೆಲ್ಲ ಬರಲಿಲ್ಲ. ತಾನೇ ಹೋಗಿ ಬರುತ್ತೇನೆಂದರೆ ಗಂಡ ಬಿಡಲಿಲ್ಲ. ಮಾಘದ ಚಳಿಯಲ್ಲಿ ಮೇವಾನಿಗೆ ಎದೆಯ ಜ್ವರ ಹಿಡಿಯಿತು. ಸುದ್ದಿ ತಲುಪಿ ಅವಳು ತವರಿಗೆ ಓಡುವಷ್ಟರಲ್ಲಿ ಚಿತೆಯ ಬೂದಿಯೂ ತಣ್ಣಗಾಗಿತ್ತು. ಮೇವಾನ ಹೆಂಡತಿ ಜೀತೋ ಬಾಗಿಲಲ್ಲೇ ಕೇಳಿದಳಂತೆ: “ಈಗ ಬಂದ್ರಾ ಅತ್ತಿಗೆ? ಯಾರನ್ನ ನೋಡೋಕೆ?”

ಹಿಂತಿರುಗಿ ಬಂದ ಮೇಲೆ ನಿಹಾಲ್ ಕೌರ್ ಅಳಲಿಲ್ಲ. ಕಡಗೋಲು ಹಿಡಿದು ಕೂತಿದ್ದವಳನ್ನು ನಾನೇ ಗೋಡೆಯಾಚೆಯಿಂದ ಮಾತಾಡಿಸಿದೆ.

“ಸ್ವಲ್ಪ ದಿನ ಎಲ್ಲಾದ್ರೂ ಹೋಗಿ ಇದ್ದು ಬಾ ಅಕ್ಕ.”

“ಹೋದ್ರೆ ಅವನಿಗೇ ಉಳಿತಾಯ ಕಣೇ ಚರಣೋ, ಒಬ್ಬಳ ರೊಟ್ಟಿ” ಅಂದಳು. “ಅವನ ಜೀವ ಎಲ್ಲಿದೆ ಅಂತ ನನಗೆ ಗೊತ್ತು. ಬೀಗ ಹಾಕಿಟ್ಟಿದ್ದಾನೆ.”

ಅವಳ ತೋಳು ನಿಲ್ಲಲಿಲ್ಲ. ಆ ಚಳಿಗಾಲವೆಲ್ಲ ಅವಳು ಬೆಣ್ಣೆ ತೆಗೆದದ್ದೇ ತೆಗೆದದ್ದು. ಕೋಣೆ ತುಂಬುತ್ತ ಹೋದದ್ದು ಕಂಡು ಝಂಡಾ ಸಿಂಗ್, ಹೆಂಡತಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡ.

ಚೈತ್ರದಲ್ಲಿ ಗೋಧಿ ಹಣ್ಣಾಯಿತು. ಪಡುವಣಕ್ಕೆ ಮೋಡ ಕಟ್ಟತೊಡಗಿತು. ಆಲಿಕಲ್ಲು ಬಿದ್ದರೆ ತೆನೆ ಮಣ್ಣುಪಾಲು. ಝಂಡಾ ಸಿಂಗ್ ಮನೆಮನೆ ತಿರುಗಿ ಮುಯ್ಯಾಳು ಕರೆದ. ಒಬ್ಬನಿಗೆ ಸೊಂಟ ಹಿಡಿದಿತ್ತು, ಇನ್ನೊಬ್ಬನ ಅತ್ತೆ ಸಾಯುತ್ತಿದ್ದಳು. ಕಸಿದ ಬಟ್ಟಲನ್ನು ಊರು ಮರೆತಿರಲಿಲ್ಲ.

“ನನ್ನ ತವರೂರಿನವರನ್ನ ಕರೆಸ್ಲಾ?” ನಿಹಾಲ್ ಕೌರ್ ಮೆಲ್ಲಗೆ ಕೇಳಿದಳು. “ಬೈಸಾಖಿ ಹಬ್ಬದ ದಿನ ಬಂದು ಮುಗಿಸಿಕೊಡ್ತಾರೆ. ಒಂದು ಹೊತ್ತಿನ ಊಟ, ಅಷ್ಟೆ.”

“ಮಜ್ಜಿಗೆ ಮೊದಲೇ ಕುಡಿಸಿಬಿಡು. ಅರ್ಧ ಹೊಟ್ಟೆ ಅಲ್ಲೇ ತುಂಬುತ್ತೆ.”

“ಹಾಗೇ ಆಗಲಿ.”

ಅವತ್ತೇ ಅವಳು ಊರೂರಿಗೆ ಕರೆ ಒಯ್ಯುವ ನಾಪಿತನ ಕೈಲಿ ಎರಡು ಕಡೆ ಹೇಳಿಕಳಿಸಿದಳು. ಒಂದು ತವರೂರಿಗೆ. ಇನ್ನೊಂದು ಮಗಳನ್ನು ಕೊಟ್ಟ ಮನೆಗೆ, ಗಂಡನ ಹೆಸರಿನಲ್ಲಿ: ಬೀಗರು ಬೈಸಾಖಿಗೆ ನಮ್ಮಲ್ಲೇ ಉಣ್ಣಬೇಕು. ಝಂಡಾ ಸಿಂಗ್‌ಗೆ ಅದು ತಿಳಿದದ್ದು ಬೀಗರ ಗಾಡಿ ಅಂಗಳಕ್ಕೆ ತಿರುಗಿದಾಗ.

ಅವತ್ತಿನ ಕುಯ್ಲನ್ನು ನಮ್ಮೂರು ಈಗಲೂ ನೆನೆಯುತ್ತದೆ. ತವರೂರಿನ ಆಳುಗಳ ಮುಂದಾಳು ಲಾಭ್ ಸಿಂಗ್, ಮೇವಾನ ಬಾಲ್ಯದ ಗೆಳೆಯ, ಅಖಾಡದಲ್ಲಿ ಪಳಗಿದ ಮೈ. ಡೋಲಿನವನಿಗೆ ಬೆವರು ಬಂತು, ಅವರಿಗೆ ಬರಲಿಲ್ಲ. ಹೊತ್ತು ಇಳಿಯುವ ಮುಂಚೆ ಹೊಲ ಬೋಳಾಗಿ, ಕಟ್ಟುಗಳು ಸಾಲುಗಟ್ಟಿದ್ದವು. ಮಜ್ಜಿಗೆ ಕೊಟ್ಟರೆ ಒಬ್ಬನೂ ಮುಟ್ಟಲಿಲ್ಲ. “ಆಮೇಲೆ ಕುಡೀತೀವಿ ಅಕ್ಕಾ, ಈಗ ಕುಡಿದ್ರೆ ಹೊಟ್ಟೇಲಿ ಜಾಗ ಹಾಳು” ಎಂದ ಲಾಭ್ ಸಿಂಗ್.

ಅಂಗಳದಲ್ಲಿ ಚಾಪೆ ಹಾಸಿ ಪಂಕ್ತಿ ಕೂರಿಸಿದರು. ಬೀಗರಾದ ಹಜಾರಾ ಸಿಂಗ್ ಮತ್ತು ಬೀಗಿತ್ತಿ ಮಂಚದ ಮೇಲೆ. ನಾನು ತಂದೂರಿನ ಹತ್ತಿರ ರೊಟ್ಟಿ ಬಡಿಯುತ್ತಿದ್ದೆ. ಕರಿ ಉದ್ದಿನ ದಾಲ್, ಜಜ್ಜಿದ ಈರುಳ್ಳಿ, ಖೀರು, ಗುಡ್ಡೆ ಹಾಕಿದ ಬೆಲ್ಲದ ಪುಡಿ. ಝಂಡಾ ಸಿಂಗ್ ಬೆಳಿಗ್ಗೆಯೇ ಅಳೆದು ಕೊಟ್ಟಿದ್ದ ತುಪ್ಪ ಮೊದಲ ಸುತ್ತಿಗೇ ತಳ ಕಂಡಿತು. ಒಬ್ಬನೂ ಅಂಗೈ ಮುಚ್ಚಿರಲಿಲ್ಲ.

ನಿಹಾಲ್ ಕೌರ್ ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಕರೆದಳು. “ಸರ್ದಾರ್‌ಜೀ, ಬೀಗದ ಕೈ ಕೊಡಿ.”

“ಪಾತ್ರೇಲಿ ಇತ್ತಲ್ಲ?”

“ಇತ್ತು.”

ಹಜಾರಾ ಸಿಂಗ್ ಗಡ್ಡ ನೀವಿಕೊಂಡು ನಕ್ಕರು. “ಕೊಡಿ ಬೀಗರೇ. ಬೀಗರ ಎದುರಿಗೆ ಬೀಗ ಚೆಂದ ಕಾಣಲ್ಲ.”

ಕೈ ಲಾಡಿಗೆ ಕಟ್ಟಿತ್ತಲ್ಲ. ಝಂಡಾ ಸಿಂಗ್ ಗೋಡೆಗೆ ಮುಖ ಮಾಡಿ ನಿಂತು, ಗಂಟು ಬಿಚ್ಚಲು ಪರದಾಡಿದ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ನಾನು ನಕ್ಕ ರಭಸಕ್ಕೆ ಒಂದು ರೊಟ್ಟಿ ಕೆಂಡಕ್ಕೆ ಬಿತ್ತು.

ಗಡಿಗೆ ಬಂತು, ಹೋಯಿತು. ಇನ್ನೊಂದು ಬಂತು. ಆ ಗಂಡಸರು ಮಾತಿಲ್ಲದೆ, ಅವಸರವಿಲ್ಲದೆ, ಹಗೆ ತೀರಿಸುವವರಂತೆಯೇ ಉಂಡರು. ಝಂಡಾ ಸಿಂಗ್ ಹೆಂಡತಿಯ ಪಕ್ಕ ಹೋಗಿ ಹಲ್ಲು ಕಡಿದ. “ನಿಲ್ಲಿಸೇ. ಮನೆ ಮುಳುಗ್ತಿದೆ.”

“ನೀವೇ ಹೇಳಿ ಅವರಿಗೆ ಸಾಕು ಅಂತ. ಬೀಗರ ಮುಂದೆ. ಹೇಳೋದು ನಿಮಗೇನು ಹೊಸದಾ?”

ಆಗ ಲಾಭ್ ಸಿಂಗ್ ಮಗ್ಗುಲಿನವನನ್ನು ಸರಿಸಿ ಪಂಕ್ತಿಯಲ್ಲಿ ಒಬ್ಬನ ಜಾಗ ಬಿಡಿಸಿದ. ನಿಹಾಲ್ ಕೌರ್ ಒಳಗಿನಿಂದ ಒಂದು ಕಂಚಿನ ಬಟ್ಟಲು ತಂದು ಅಲ್ಲಿಟ್ಟಳು.

“ಇಲ್ಲಿ ಯಾರು ಬರ್ತಾರೆ?” ಬೀಗಿತ್ತಿ ಕೇಳಿದರು.

“ನನ್ನ ತಮ್ಮ ಮೇವಾ. ಹೋದ ವರ್ಷ ಇದೇ ಅಂಗಳದಲ್ಲಿ ಇವರು ಅವನ ಕೈಯಿಂದ ಬಟ್ಟಲು ಕಿತ್ಕೊಂಡು ನಾಯಿ ಅಂದ್ರು. ಹಸಿದು ಎದ್ದು ಹೋದವನು ಮಾಘದಲ್ಲಿ ಸತ್ತ. ಅವನ ಪಾಲು ಬಾಕಿ ಇದೆ.” ಅವಳು ಕೊನೆಯ ಗಡಿಗೆಯನ್ನು ಗಂಡನ ಕೈಗಿಟ್ಟಳು. “ನೀವೇ ಬಡಿಸಿ.”

ಬೀಗರು ನಗುವುದನ್ನು ನಿಲ್ಲಿಸಿದ್ದರು. ಝಂಡಾ ಸಿಂಗ್ ಅತ್ತಿತ್ತ ನೋಡಿದ. ಅಂಗಳದಲ್ಲಿ ಅವನ ಪರ ನಿಲ್ಲುವವರು ಒಬ್ಬರೂ ಇರಲಿಲ್ಲ. ಕುಕ್ಕರಗಾಲಲ್ಲಿ ಕೂತು ಸುರಿದ. ಬಟ್ಟಲು ತುಂಬಿತು. ಕೈ ಎತ್ತಿದ.

“ಅಂಗೈ ಮುಚ್ಚಿದನಾ ಅವನು?” ಅವಳು ಕೇಳಿದಳು.

“ಅಲ್ಲಿ ಯಾರೂ ಇಲ್ವಲ್ಲೇ!”

“ಇಲ್ಲ. ಸಾಕು ಅನ್ನೋಕೆ ಕೈಯೇ ಇಲ್ಲ. ಸುರೀತಾ ಇರಿ.”

ಅವನು ಸುರಿದ. ತುಪ್ಪ ಬಟ್ಟಲು ತುಂಬಿ ಚಾಪೆಗೆ, ಚಾಪೆಯಿಂದ ಮಣ್ಣಿಗೆ ಹರಿಯಿತು. ಬೀದಿಯ ನಾಯಿಗಳು ವಾಸನೆ ಹಿಡಿದು ಬಂದವು. ಯಾರೋ ಕೋಲೆತ್ತಿದರೆ ನಿಹಾಲ್ ಕೌರ್ ತಡೆದಳು. “ಬಿಡಿ, ತಿನ್ನಲಿ. ಈ ಮನೆಗೆ ಬಂಧುಗಳು ಅವು.” ಗಡಿಗೆ ಬರಿದಾಯಿತು. ಹಜಾರಾ ಸಿಂಗ್ ಎದ್ದು ಆ ಬಟ್ಟಲಿಗೆ ಕೈಮುಗಿದು, ಝಂಡಾ ಸಿಂಗ್‌ಗೆ ಹೇಳದೆ ಗಾಡಿ ಹತ್ತಿದರು.

ನಿಹಾಲ್ ಕೌರ್ ಲಾಭ್ ಸಿಂಗ್‌ನ ಗಾಡಿ ಹತ್ತಿದಳು. ಒಂದು ಗಂಟೂ ಕಟ್ಟಿಕೊಳ್ಳಲಿಲ್ಲ. ತವರಿನ ಬಾಗಿಲಲ್ಲಿ ಜೀತೋ ಈ ಸಲ ಏನೂ ಕೇಳಲಿಲ್ಲ, ಒಳಗೆ ಕರೆದು ನೀರು ಕೊಟ್ಟಳಂತೆ.

ಶ್ರಾವಣದಲ್ಲಿ ನಾನು ಅವಳನ್ನು ನೋಡಲು ಹೋಗಿದ್ದೆ. “ಸಮಾಧಾನ ಆಯ್ತಾ ಅಕ್ಕ?” ಅಂದೆ.

“ಆ ದಿನ ಆಯ್ತು. ತುಂಬಾ ಆಯ್ತು. ಬೆಳಿಗ್ಗೆ ಎದ್ರೆ ಮೇವಾ ಇರಲಿಲ್ಲ.”

ನಾನಿರುವಾಗಲೇ ಝಂಡಾ ಸಿಂಗ್ ಬಂದ. ಇಳಿದುಹೋಗಿದ್ದ. ಜೀತೋ ಮಂಚ ಹಾಕಲಿಲ್ಲ. ಅಂಗಳದ ಬಿಸಿಲಿನಲ್ಲಿ ನಿಂತೇ ಇದ್ದ. ನಿಹಾಲ್ ಕೌರ್ ಬೇಳೆ ಆರಿಸಿ ಮುಗಿಸಿ, ಮೊರ ಕೊಡವಿ, ಆಮೇಲೆ ಹೊರಗೆ ಬಂದಳು.

“ಎಮ್ಮೆಗಳು ಯಾರಿಗೂ ಹಾಲು ಬಿಡ್ತಿಲ್ಲ” ಎಂದ.

“ಎಮ್ಮೆಗಳಿಗಾದ್ರೂ ಮಾನ ಇದೆ.”

“ಮನೆಗೆ ಬಾ.”

“ಮೊದಲು ಅವಳಿಗೆ ಹೇಳಬೇಕಾದ್ದು ಹೇಳಿ.” ಅವಳು ಜೀತೋ ಕಡೆ ತೋರಿಸಿದಳು.

ತಪ್ಪಾಯಿತು ಎಂಬ ಆ ಒಂದು ಮಾತು ಅವನ ಬಾಯಿಗೆ ಬರಲಿಲ್ಲ. ಎತ್ತು ತಿರುಗಿಸಿಕೊಂಡು ಹೋದ. ಕಾರ್ತಿಕದಲ್ಲಿ ಮತ್ತೆ ಬಂದ, ತನ್ನ ಮಾನವೇ ಆದ ಪಗಡಿ ಬಿಚ್ಚಿ ಜೀತೋಳ ಹೊಸಲಿನ ಮೇಲಿಟ್ಟ. ಜೀತೋ ಅದನ್ನು ಎತ್ತಿಕೊಡಲಿಲ್ಲ, ತುಳಿಯಲೂ ಇಲ್ಲ. ದಾಟಿಕೊಂಡು ಬಾವಿಗೆ ಹೋದಳು. ನಿಹಾಲ್ ಕೌರ್ ಆ ದಿನವೂ ಗಾಡಿ ಹತ್ತಲಿಲ್ಲ.