ಏಸಿ ಇಲ್ಲದ ಮಾರುತಿ

ಹೊಳೆನರಸೀಪುರದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಅಮರನಾಥನಿಗೆ ಅರವತ್ತು ತುಂಬುವುದರಲ್ಲಿತ್ತು. ಮದುವೆಯಾದ ಹೊಸದರಲ್ಲಿ ಕೊಂಡು, ವ್ಯಾಪಾರ ಕುದುರಿದ ಮೇಲೆ ಮಾರಿಬಿಟ್ಟಿದ್ದ ಮಾರುತಿ 800 ಥರದ್ದೇ ಒಂದನ್ನು ತಂದು ಅವನ ಮುಂದೆ ನಿಲ್ಲಿಸಬೇಕೆಂದು ಹೆಂಡತಿ ಪ್ರೇಮಕುಮಾರಿಗೆ ಆಸೆಯಾಯಿತು. ಏಸಿಯಿಲ್ಲದ, ಅತಿ ಸಾದಾ ಗಾಡಿ ಅದು. ಕಾಯಿ ಹೊತ್ತದ್ದೂ ಅದೇ, ಹಾಸನದ ಆಸ್ಪತ್ರೆಯಿಂದ ಹಸುಗೂಸು ಮಗಳನ್ನು ಮನೆಗೆ ತಂದದ್ದೂ ಅದೇ.

ಹಾಸನದಲ್ಲಿ ಹುಡುಕಿದರೆ ಸಿಕ್ಕಿದ್ದೆಲ್ಲ ಏಸಿಯವು. ಚನ್ನರಾಯಪಟ್ಟಣದಲ್ಲಿ ಹಳೇ ಕಾರು ಮಾರುವ ಈಶ್ವರಯ್ಯ ನಕ್ಕೇಬಿಟ್ಟ.

“ಏಸಿ ಗಾಡೀನ ಡಾಕ್ಟ್ರು, ಲಾಯರ್ರು ತಗೊಂಡು ಕವರ್ ಹೊದಿಸಿ ಮಡಗಿದ್ರು ಕಣಕ್ಕಾ. ಸಾದಾ ಗಾಡೀನ ಯಾರು ಅಂಗೆ ನೋಡ್ಕತಾರೆ? ಡ್ರೈವಿಂಗ್ ಸ್ಕೂಲ್‌ಗೆ ಹೋದ್ವು, ಹೊಗೆಸೊಪ್ಪು ಹೊತ್ವು. ಕೆಟ್ಟು ನಿಂತ್ರೆ ಬಾಗ್ಲು, ಗ್ಲಾಸು ಕಿತ್ತು ಏಸಿ ಗಾಡಿಗೇ ಆಕುದ್ರು. ನಾನೂ ಆಕಿವ್ನಿ.”

ಪ್ರೇಮಕುಮಾರಿ ಅಲ್ಲಿ ನಿಂತಿದ್ದ ಕಾರುಗಳ ಬಾಗಿಲುಗಳನ್ನೇ ಒಂದೊಂದಾಗಿ ನೋಡಿದಳು. ತಮ್ಮ ಗಾಡಿಯ ಬಾಗಿಲು ಈಗ ಯಾರ ಕಾರಿನಲ್ಲಿದೆಯೋ!

ಕೊನೆಗೆ ಅವನೇ ಒಂದು ಗುರುತು ಹೇಳಿದ: ಅರಕಲಗೂಡಿನ ಹತ್ತಿರ ಶುಂಠಿ ಬೆಳೆಯುವ ಚಲುವಯ್ಯ. ಹೋಗಿ ನೋಡಿದರೆ ಹೊಲದ ಬದುವಿನಲ್ಲಿ ಅಂಥದ್ದೇ ಗಾಡಿ! ಹಿಂದಿನ ಸೀಟು ಕಿತ್ತು ಶುಂಠಿ ಮೂಟೆ ತುಂಬಿದ್ದರು. ಬಾನೆಟ್ಟಿನ ಮೇಲೆ ಚಲುವಯ್ಯನ ಬುತ್ತಿ ಕೂತಿತ್ತು.

“ನಮ್ಮನೆಯವ್ರಿಗೆ ಅರವತ್ತು ತುಂಬ್ತದೆ. ಅವ್ರಿಗೆ ಅಂತ ಇದನ್ನ ಕೊಡ್ತೀರಾ?”

“ಇಲ್ಲ ಕಣಕ್ಕಾ. ಇನ್ನೂ ದುಡೀತಾ ಅದೆ. ದುಡಿಯೋ ಎತ್ತ ಯಾರಾರಾ ಮಾರ್ತಾರಾ?” ಎಂದವನು, ಅವಳ ಮುಖ ಬಾಡಿದ್ದು ಕಂಡು, “ಯಜಮಾನ್ರನ್ನ ಭಾನ್ವಾರ ಕರ್ಕಂಬನ್ನಿ. ಓಡುಸ್ಲಿ” ಎಂದ.

ಭಾನುವಾರ ಗಂಡನಿಗೆ ವಿಷಯ ಬಿಟ್ಟುಕೊಡದೆ ಕರೆದುಕೊಂಡು ಹೋದಳು. ಅಮರನಾಥ ಗಾಡಿಯ ಸುತ್ತ ಮೆಲ್ಲಗೆ ಒಂದು ಸುತ್ತು ಬಂದ. ಬಾನೆಟ್ಟಿನ ಮೇಲೆ ಕೈಯಾಡಿಸಿದ.

ಚಲುವಯ್ಯ ಕೀ ಕೈಗಿಟ್ಟು, “ಮೂಟೆ ಅಂಗೇ ಅವೆ ಸಾ. ಅರಕಲಗೂಡಲ್ಲಿ ಇಳ್ಸಿ ಬಂದ್ಬುಡಿ, ನಂಗೂ ಒಂದು ಟ್ರಿಪ್ಪು ಉಳೀತದೆ” ಎಂದ.

ಗೇರ್ ಹಾಕುವಾಗ ಗಾಡಿ ಒಮ್ಮೆ ಎಗರಿತು. ಆಮೇಲೆ ಅಮರನಾಥನ ಕಾಲಿಗೆ ಹಳೇ ಲೆಕ್ಕವೆಲ್ಲ ನೆನಪಾಯಿತು. ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಜೋಳದ ಹೊಲಗಳ ನಡುವೆ ಬಿಟ್ಟ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಸೆಕೆ ಅಲ್ವೇನ್ರೀ?”

“ಊಂ ಕಣೇ, ಬೆಂದೋಯ್ತಾ ಇವ್ನಿ,” ಎಂದು ಅವನು ಗಟ್ಟಿಯಾಗಿ ನಕ್ಕ. ಅಂಥ ನಗು ಕೇಳಿ ಬಹಳ ಕಾಲವಾಗಿತ್ತು. ಪ್ರೇಮಕುಮಾರಿ ಸೀರೆಗೆ ಮೆತ್ತಿದ್ದ ಶುಂಠಿ ಮಣ್ಣು ಕೊಡವಲೂ ಮರೆತಳು.

ಮೂಟೆ ಇಳಿಸಿ ವಾಪಸು ಹೊರಟಾಗ ಅವನು ಮೆಲ್ಲಗೆ ಕೇಳಿದ: “ಮುಂದಿನ್ ವಾರಾನೂ ಮೂಟೆ ಇದ್ದಾವಾ, ಚಲುವಯ್ಯನ್ನ ಒಂದ್ಮಾತು ಕೇಳೇ.”