ಕಣ್ಣು ಮುಚ್ಚಿ ನೋಡಿದ ಸಿನಿಮಾ

ಕೊನೆಯ ಪುಟದಲ್ಲಿ ಆ ಹೆಂಗಸು ಸತ್ತಳು. ನೀಲಾಂಬಿಕೆ ನಂಬದೆ ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದಳು. ಬಾಗಿಲ ಹಿಂದೆ ಯಾರೋ ನಿಂತಿದ್ದಾರೆಂದು ಕಾದಂಬರಿಯುದ್ದಕ್ಕೂ ಹೇಳುತ್ತಿದ್ದವಳು ಆ ಬಾಗಿಲ ಬಳಿಯೇ ಸತ್ತು ಬಿದ್ದಿದ್ದಳು.

ಅದೇ ಕಾದಂಬರಿಯ ಸಿನಿಮಾದಲ್ಲಿ ಆಕೆ ಬದುಕಿದ್ದಳು.

ಎಪ್ಪತ್ತೆಂಟರಲ್ಲಿ, ನ್ಯಾಮತಿಯ ಟೂರಿಂಗ್ ಟಾಕೀಸಿನಲ್ಲಿ ಗಂಡ ವಿರೂಪಾಕ್ಷನ ಪಕ್ಕ ಕೂತು ನೋಡಿದ್ದು. ಅವನ ಆಚೆಗೆ ಮೈದುನ ರೇವಣ್ಣ. ಬಾಗಿಲ ಚಿಲಕ ಅಲುಗಿದ್ದೇ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಹೆದರಿಕೆಯ ಸಿನಿಮಾಗಳನ್ನೆಲ್ಲ ಅವಳು ನೋಡುತ್ತಿದ್ದುದೇ ಹಾಗೆ. ತೆರೆಯ ಮೇಲಿನದನ್ನು ವಿರೂಪಾಕ್ಷ ಕಿವಿಯಲ್ಲಿ ಹೇಳುತ್ತಿದ್ದ.

"ಪೊಲೀಸ್ರು ಬಂದ್ರು. ಉಳ್ಕಂಡ್ಲು. ಏನೂ ಆಗ್ಲಿಲ್ಲ."

ಕಣ್ಣು ಬಿಟ್ಟಾಗ ತೆರೆ ಬೆಳ್ಳಗಿತ್ತು. ಜನ ಚಾಪೆ ಕೊಡವುತ್ತಿದ್ದರು.

ಮರುವರ್ಷ ರೇವಣ್ಣನ ಜೊತೆ ದಾವಣಗೆರೆಯ ಡಾಕ್ಟರನ್ನು ಕಂಡು ಬಂದ ದಿನವೂ ವಿರೂಪಾಕ್ಷ ಅದನ್ನೇ ಅಂದಿದ್ದ. "ಬರೀ ಕಾಮಾಲೆ. ಏನೂ ಆಗಲ್ಲ. ನೀನು ಬಸವಾಪಟ್ಣಕ್ಕೆ ಹೋಗಿ ತಂಗಿ ಸೀಮಂತ ಮುಗಿಸ್ಕಂಡು ಬಾ." ಅವಳು ಹೋದಳು. ಹೊನ್ನಾಳಿಗೆ ವಾಪಸು ಬರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಅಂದಿನಿಂದ ಅತ್ತೆ ಶಿವಗಂಗಮ್ಮ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: "ಗಂಡ ಹಾಸಿಗೆ ಹಿಡ್ದಾಗ ಸೀಮಂತದ ಊಟಕ್ಕೆ ಹೋದಾಕಿ." ನೀಲಾಂಬಿಕೆ ಒಮ್ಮೆಯೂ ಎದುರಾಡಿರಲಿಲ್ಲ. ತಾನೂ ಹಾಗೇ ಅಂದುಕೊಂಡಿದ್ದಳು.

ಈಗ ಪಡಸಾಲೆಯಲ್ಲಿ ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟಿದ್ದ ರೇವಣ್ಣ ಚಹಾ ಕುಡಿಯುತ್ತ ಕೂತಿದ್ದ.

"ಮುಗೀತಾ ಅತ್ತಿಗೆ? ಅಣ್ಣ ಇದ್ದಿದ್ರೆ ಇದನ್ನೂ ಕಣ್ಣು ಮುಚ್ಕಂಡೇ ಓದು ಅಂತಿದ್ದ."

"ಸಿನಿಮಾದಾಗೆ ಆಕೆ ಉಳಿತಾಳಲ್ವಾ?"

"ಎಲ್ಲಿ ಉಳಿತಾಳೆ ಬಿಡ್ರಿ!" ರೇವಣ್ಣ ನಕ್ಕ. "ನಿಮಗೆ ಹೇಳಾಕೆ ಬಾಯಿ ತೆಗೆದ್ರೆ ಅಣ್ಣ ತೊಡೆ ಚಿವುಟಿದ್ದ. ಮೂರು ದಿನ ಕಪ್ಪಾಗಿತ್ತು."

ನೀಲಾಂಬಿಕೆ ಪುಸ್ತಕ ಮುಚ್ಚಿದಳು.

"ದಾವಣಗೆರೆ ಡಾಕ್ಟ್ರು ಏನಂದ್ರು?"

ಅವನ ನಗು ನಿಂತಿತು. "ಅದೆಲ್ಲ ಈಗ್ಯಾಕೆ ಅತ್ತಿಗೆ."

"ಅವತ್ತೂ ಚಿವುಟಿದ್ರಾ?"

ಅಕ್ಕಿಯಲ್ಲಿ ಆಡುತ್ತಿದ್ದ ಅತ್ತೆಯ ಬೆರಳು ನಿಂತವು. ರೇವಣ್ಣ ತಾಯಿಯನ್ನೊಮ್ಮೆ ನೋಡಿ ಲೋಟ ಕೆಳಗಿಟ್ಟ.

"ಲಿವರ್ ಪೂರ್ತಿ ಹೋಗೈತೆ, ಜಾಸ್ತಿ ದಿನ ಇಲ್ಲ ಅಂದ್ರು. ಅಣ್ಣ ಬಸ್‌ನಾಗೆ ಆಣೆ ಹಾಕಿಸ್ಕಂಡ. ಅವ್ವಂಗೂ ಹೇಳ್ಬ್ಯಾಡ ಅಂದ. ನಿಮ್ಮತ್ತಿಗೆ ನೋಡ್ಬಾರ್ದು ಕಣೋ, ತವರಿಗೆ ಕಳ್ಸಾನ ಅಂದ."

ರೇವಣ್ಣ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಶಿವಗಂಗಮ್ಮ ಎತ್ತಲೋ ನೋಡುತ್ತ, ಆರಿಸಿ ಪಕ್ಕಕ್ಕಿಟ್ಟಿದ್ದ ಕಲ್ಲುಗಳನ್ನು ಬಾಚಿ ಮತ್ತೆ ಅಕ್ಕಿಗೇ ಹಾಕಿದಳು. ನೀಲಾಂಬಿಕೆ ಎದುರಿಗೆ ಬಂದು ಕೂತು, ಮೊರವನ್ನು ಬೆಳಕಿನ ಕಡೆಗೆ ತಿರುಗಿಸಿ, ಒಂದೊಂದೇ ಕಲ್ಲು ತೆಗೆಯತೊಡಗಿದಳು.