ಅತ್ತಿಗೆ ನೀರಿಗಿಳಿದ ದಿನ

ಗಿರಿಧರನಿಗೆ ಕಿಡ್ನಿ ಕೊಟ್ಟವಳು ಅವನ ಅಣ್ಣನ ಹೆಂಡತಿ. ಸರಿಯಾಗಿ ಹೇಳಬೇಕೆಂದರೆ, ಒಂದು ಕಾಲದಲ್ಲಿ ಅಣ್ಣನ ಹೆಂಡತಿಯಾಗಿದ್ದವಳು.

ಹೂಸ್ಟನ್‌ನಲ್ಲಿ ಡಾಕ್ಟರಾಗಿರುವ ಅಣ್ಣ ಶಿವಾನಂದನಿಗೂ ಅಹಲ್ಯಾಗೂ ವಿಚ್ಛೇದನವಾಗಿ ಹನ್ನೊಂದು ವರ್ಷಗಳಾಗಿದ್ದವು. ಆಮೇಲೆ ಅಹಲ್ಯಾ ಆಸ್ಟಿನ್ ಕಡೆ ಕೆಲಸ ಹುಡುಕಿಕೊಂಡು ಜಾರ್ಜ್‌ಟೌನಿನಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡಿದ್ದಳು. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿದ್ದ ಗಿರಿಧರನ ಮನೆಯಿಂದ ಅಲ್ಲಿಗೆ ಮೂರು ಗಂಟೆಯ ದಾರಿ, ಅಷ್ಟೆ. ಆದರೂ ಅವಳು ಅಲ್ಲಿ ನೆಲೆಯಾದ ಮೇಲೆ ಅಷ್ಟೂ ವರ್ಷ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಜಗಳವೇನೂ ಆಗಿರಲಿಲ್ಲ. ಅಣ್ಣನಿಗೆ ಬೇಜಾರಾದೀತು ಎಂದು ಗಿರಿಧರ ಮೊದಮೊದಲು ಫೋನ್ ಮಾಡಲಿಲ್ಲ. ಆಮೇಲೆ ಮಾಡಲು ಮುಖವೇ ಇಲ್ಲದಂತಾಯಿತು.

ಅವನ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅಣ್ಣ ತಾನು ಕೊಡುತ್ತೇನೆಂದು ಮುಂದೆ ಬಂದ. ಅವನಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದರು. ಹೆಂಡತಿ ಅನುಸೂಯಾಳ ರಕ್ತದ ಗುಂಪು ಹೊಂದಲಿಲ್ಲ. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಕೋರಿಕೆ ಡಲ್ಲಾಸಿನಿಂದ ಆಸ್ಟಿನ್ನಿಗೂ ಹೋಗಿ ಅಹಲ್ಯಾಳ ಕಣ್ಣಿಗೆ ಬಿತ್ತು. ಅವಳು ಯಾರನ್ನೂ ಕೇಳಲಿಲ್ಲ. ತಾನೇ ಆಸ್ಪತ್ರೆಗೆ ಫೋನ್ ಮಾಡಿ, ರಜೆ ಹಾಕಿ, ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡು, ಖಚಿತವಾದ ಮೇಲೆ ಅನುಸೂಯಾಳಿಗೆ ಹೇಳಿದಳು: "ಅನು, ನಂದು ಮ್ಯಾಚ್ ಆಗಿದೆ. ಗಿರಿಗೆ ಹೇಳ್ಬಿಡು. ಬೇಡ ಅನ್ನೋದು, ಅಳೋದು, ಅವೆಲ್ಲ ಇಟ್ಕೋಬೇಡಿ."

ಆಪರೇಷನ್ ಚೆನ್ನಾಗಿಯೇ ಆಯಿತು. ಅನುಸೂಯಾ ಮೊದಲ ದಿನದಿಂದಲೇ ಅವಳನ್ನು ಹಿಂದಿನಂತೆ "ಅಕ್ಕ" ಎನ್ನತೊಡಗಿದಳು. ಹದಿನಾರರ ಮಗಳು ಇಶಾಗೆ ಅವಳು ಅಹಲ್ಯಾ ಆಂಟಿ. ಗಿರಿಧರನಿಗೆ ಮಾತ್ರ ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಅತ್ತಿಗೆ ಎನ್ನಲು ಸಂಬಂಧ ಮುಗಿದಿತ್ತು. ಹೆಸರು ಹಿಡಿದು ಕರೆಯಲು ನಾಲಿಗೆ ಏಳುತ್ತಿರಲಿಲ್ಲ. ಹೀಗಾಗಿ ಕರೆಯದೆಯೇ, ಎದುರಿಗೆ ಹೋಗಿ ನಿಂತು ಮಾತು ಶುರುಮಾಡುತ್ತಿದ್ದ. ಕೃತಜ್ಞತೆಯ ಮಾತು ಬಂದರೆ ಅವಳು ತಕ್ಷಣ ಬೇರೆ ವಿಷಯ ತೆಗೆಯುತ್ತಿದ್ದಳು.

ಆಸ್ಪತ್ರೆಯಲ್ಲಿದ್ದ ನಾಲ್ಕನೆಯ ದಿನ ಅವನು ಮೆಲ್ಲಗೆ ನಡೆದು ಅವಳ ರೂಮಿಗೆ ಹೋದಾಗ ಅವಳು ಟಿವಿ ನೋಡುತ್ತಿದ್ದಳು. ದಕ್ಷಿಣ ಆಫ್ರಿಕದ ಯಾವುದೋ ಬೀಚು. ಆನೆಗಾತ್ರದ ಬಂಡೆಗಳ ನಡುವೆ, ಸ್ನಾನಕ್ಕೆ ಬಂದ ಜನರ ಪಕ್ಕದಲ್ಲೇ ಪೆಂಗ್ವಿನ್‌ಗಳು ಮರಳಿನ ಮೇಲೆ ನಡೆದು ಹೋಗುತ್ತಿದ್ದವು.

"ಪೆಂಗ್ವಿನ್‌ಗೆ ಮಂಜುಗಡ್ಡೆ ಬೇಕು ಅಂದ್ಕೊಂಡಿದ್ದೆ ಕಣೋ," ಎಂದಳು ಅಹಲ್ಯಾ. "ಇಲ್ಲಿ ನೋಡು, ಬಿಸಿಲಲ್ಲಿ ಆರಾಮಾಗಿ ಓಡಾಡ್ಕೊಂಡಿವೆ. ಜೀವಮಾನದಲ್ಲಿ ಒಂದ್ಸಲ ಅಲ್ಲಿ ಈಜ್ಬೇಕು."

ಅವಳು ಏನಾದರೂ ಬೇಕು ಎಂದದ್ದನ್ನು ಗಿರಿಧರ ಕೇಳಿದ್ದು ಅದೊಂದೇ ಸಲ. ಹದಿನಾರು ತಿಂಗಳ ನಂತರ, ಡಾಕ್ಟರು ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟದ್ದೇ, ಅವನು ಡಿಸೆಂಬರ್ ರಜೆಗೆ ನಾಲ್ಕು ಟಿಕೆಟ್ ಮಾಡಿಸಿದ. ಅಹಲ್ಯಾ ಫೋನಿನಲ್ಲಿ, "ಸ್ವಿಮ್‌ಸೂಟ್ ಹಳೇದಾಗಿದೆ, ಹೊಸದು ತಗೋಬೇಕು," ಎಂದಳಷ್ಟೆ.

ಡಲ್ಲಾಸಿನಿಂದ ಹೊರಟು, ವಿಮಾನ ಬದಲಿಸಿ, ಕೇಪ್‌ಟೌನ್ ತಲುಪಿ, ಅಲ್ಲಿಂದ ಕಡಲಂಚಿನ ರಸ್ತೆಯಲ್ಲಿ ಸೈಮನ್ಸ್ ಟೌನ್ ಎಂಬ ಊರಿಗೆ ಬಂದರು. ಪಾರ್ಕಿಂಗ್ ಜಾಗದಲ್ಲಿ, ಕಾರು ತೆಗೆಯುವ ಮುಂಚೆ ಅಡಿಯಲ್ಲಿ ಪೆಂಗ್ವಿನ್ ಇದೆಯೇ ನೋಡಿಕೊಳ್ಳಿ ಎಂಬ ಫಲಕವಿತ್ತು. ಇಶಾ ಮಂಡಿಯೂರಿ ಬಗ್ಗಿ ಅಲ್ಲಿದ್ದ ಒಂದೊಂದು ಕಾರಿನ ಅಡಿಯನ್ನೂ ಇಣುಕಿದಳು.

ಗಿರಿಧರನಿಗೆ ಡಲ್ಲಾಸಿನ ನರ್ಸ್ ನಿಯಮಗಳನ್ನು ಹೇಳಿಕೊಟ್ಟು ಕಳಿಸಿದ್ದಳು. ಹಕ್ಕಿಗಳ ಹತ್ತಿರ ಹೋಗಬಾರದು, ಹಿಕ್ಕೆ ಬಿದ್ದ ಕಡೆ ಕೂರಬಾರದು, ಮಾಸ್ಕ್ ತೆಗೆಯಬಾರದು. ಅವನು ಬೀಚಿನ ಈಚೆ ತುದಿಯಲ್ಲಿ, ಚೊಕ್ಕಟವಾಗಿದ್ದ ಒಂದು ಬಂಡೆ ಹುಡುಕಿಕೊಂಡು ಟವೆಲ್ ಹಾಸಿ ಕುಳಿತ. ದೊಡ್ಡ ದೊಡ್ಡ ಬಂಡೆಗಳು ಸಮುದ್ರದ ಅಲೆಯನ್ನು ಹೊರಗೇ ತಡೆದಿದ್ದರಿಂದ ಒಳಗಿನ ನೀರು ಕೆರೆಯಂತೆ ಶಾಂತವಾಗಿತ್ತು. ಹಸಿ ಮೀನಿನ ವಾಸನೆ ಮಾಸ್ಕ್ ದಾಟಿ ಬರುತ್ತಿತ್ತು. ಪೊದೆಗಳ ಒಳಗಿನಿಂದ ಥೇಟ್ ಕತ್ತೆ ಅರಚಿದ ಹಾಗೆ ಕೂಗು. ಅಷ್ಟು ಚಿಕ್ಕ ಹಕ್ಕಿಗೆ ಅಂಥ ಗಂಟಲೆಂದು ಅವನು ನಂಬಲೇ ಇಲ್ಲ, ಒಂದು ಅವನ ಎದುರಿಗೇ ಕತ್ತು ಚಾಚಿ ಅರಚುವವರೆಗೆ.

ಮರಳಿನ ಮೇಲೆ ಕೆಲವು ಪೆಂಗ್ವಿನ್‌ಗಳು ಅಲ್ಲಾಡದೆ ನಿಂತಿದ್ದವು. ಹರಿದ ಹಾಸಿಗೆಯಿಂದ ಹತ್ತಿ ಕಿತ್ತು ಬಂದಂತೆ ಮೈತುಂಬ ಗರಿ ಕೆದರಿಕೊಂಡಿತ್ತು. ಸಮವಸ್ತ್ರದಲ್ಲಿದ್ದ ಕಾವಲಿನ ಹೆಂಗಸೊಬ್ಬಳು ವಿವರಿಸಿದಳು: ಇವು ಗರಿ ಬದಲಾಯಿಸುತ್ತಿವೆ, ಮೂರು ವಾರ ಹೀಗೆಯೇ. ಹೊಸ ಗರಿ ಬರುವ ತನಕ ಮೈಗೆ ನೀರು ತಾಗುವಂತಿಲ್ಲ, ಆದ್ದರಿಂದ ಮೀನು ಹಿಡಿಯುವಂತಿಲ್ಲ, ಪೂರಾ ಉಪವಾಸ. ದಯವಿಟ್ಟು ಬೆದರಿಸಿ ನೀರಿಗೆ ಅಟ್ಟಬೇಡಿ.

ಅನುಸೂಯಾ ಮತ್ತು ಇಶಾ ಗೂಡುಗಳನ್ನು ನೋಡಲು ಮರದ ಹಲಗೆ ಹಾಸಿದ ಕಾಲುದಾರಿಯಲ್ಲಿ ಹೋದರು. ಅಹಲ್ಯಾ ನೀರಿಗಿಳಿದಳು.

ಜಾರ್ಜ್‌ಟೌನಿಗೆ ಬಂದ ಮೇಲೆ, ನಲವತ್ತೈದು ದಾಟಿದ ಮೇಲೆ, ಅವಳು ಈಜು ಕಲಿತಿದ್ದಳು. ಆತುರವಿಲ್ಲದೆ ಕೈ ಬೀಸುತ್ತ ಹೋಗುತ್ತಿದ್ದವಳ ಪಕ್ಕದಲ್ಲಿ ಒಮ್ಮೆಲೇ ಎರಡು ಪೆಂಗ್ವಿನ್ ತಲೆ ಎತ್ತಿದವು. ನೆಲದ ಮೇಲೆ ತಡವರಿಸುತ್ತಿದ್ದ ಹಕ್ಕಿಗಳು ನೀರಿನಲ್ಲಿ ಬಾಣದಂತೆ ಅವಳ ಸುತ್ತ ಒಂದು ಸುತ್ತು ಹೊಡೆದು ಮಾಯವಾದವು. ಅಹಲ್ಯಾ ನೀರಿನ ಮಧ್ಯೆ ನಿಂತು ಗಿರಿಧರನ ಕಡೆ ತಿರುಗಿ, ಕಂಡೆಯಾ ಎಂಬಂತೆ ಕೈ ಎತ್ತಿದಳು. ಅವನೂ ಎತ್ತಿದ. ಆಮೇಲೆ ಅವಳು ಒಂದು ಬಂಡೆಯ ಮಗ್ಗುಲು ದಾಟಿ ಆಚೆ ಹೋದಳು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಆಗಷ್ಟೇ ಗಿರಿಧರ ಗಮನಿಸಿದ, ನೀರು ಏರುತ್ತಿತ್ತು. ಅವನು ಬಂದಾಗ ಒಣಗಿದ್ದ ಮರಳು ಈಗ ಕಾಣುತ್ತಿರಲಿಲ್ಲ. ನೀರು ತಣ್ಣಗಿದೆ, ಅವಳಿಗೆ ಐವತ್ತಾರು ವರ್ಷ. ಒಂದೇ ಕಿಡ್ನಿ ಇದೆ, ಇನ್ನೊಂದು ನನ್ನ ಹೊಟ್ಟೆಯಲ್ಲಿದೆ. ಅವನು ಎದ್ದು ನಿಂತು ಮಾಸ್ಕ್ ಕೆಳಗೆಳೆದ.

"ಅತ್ತಿಗೇ," ಎಂದು ಕೂಗಿದ. ಪೊದೆಯೊಳಗಿನ ಅರಚಾಟದಲ್ಲಿ ಧ್ವನಿ ಮುಳುಗಿತು. ಮತ್ತೆ ಕೂಗಿದ. "ಅತ್ತಿಗೇ, ಎಲ್ಲಿದೀರಿ?"

"ಇಲ್ಲೇ ಇದೀನಿ," ಬಂಡೆಯ ಆಚೆಯಿಂದ ಉತ್ತರ ಬಂತು. "ಕೂಗ್ಬೇಡ. ಹೆದರ್ಕೊಳತ್ತೆ."

ಅವನು ಚಪ್ಪಲಿ ಬಿಟ್ಟು ನೀರಿಗಿಳಿದ. ಸೊಂಟದವರೆಗೆ ಬಂದ ಚಳಿಗೆ ಉಸಿರು ಕಟ್ಟಿತು. ಬಂಡೆ ಹಿಡಿದುಕೊಂಡು ಅದರ ಮೇಲಕ್ಕೆ ಹತ್ತಿ ಆಚೆ ಬಗ್ಗಿ ನೋಡಿದರೆ ವಿಷಯ ಗೊತ್ತಾಯಿತು. ಅಹಲ್ಯಾ ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಮೇಲೆ ಹತ್ತಲು ಇದ್ದದ್ದು ಬಾಗಿಲಿನಷ್ಟು ಅಗಲದ ಒಂದು ಮರಳಿನ ತುಂಡು, ಅದರ ನಟ್ಟನಡುವೆ ಗರಿ ಉದುರುತ್ತಿದ್ದ ಒಂದು ಪೆಂಗ್ವಿನ್. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಅದು ಗಾಬರಿಯಿಂದ ನೀರಿನ ಕಡೆಗೇ ಹೊರಳುತ್ತಿತ್ತು. ಬಂದ ದಾರಿಯಲ್ಲಿ ವಾಪಸ್ ಈಜೋಣವೆಂದರೆ ಅಲೆಗಳು ಈಗ ಅಲ್ಲಿ ಬಂಡೆಗೆ ಅಪ್ಪಳಿಸುತ್ತಿದ್ದವು.

"ಎಷ್ಟು ಹೊತ್ತಿಂದ ನಿಂತಿದೀರಿ?"

"ಅದು ಆ ಕಡೆ ಹೋಗ್ಲಿ ಅಂತ ಕಾಯ್ತಿದೀನಿ. ಪಾಪ, ಅದು ತಾನೇ ಎಲ್ಲಿಗೆ ಹೋಗತ್ತೆ." ಅವಳ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟಿಸುತ್ತಿತ್ತು.

"ಅದನ್ನ ಅಲ್ಲೇ ಬಿಡಿ. ಈ ಬಂಡೆ ಮೇಲಿಂದ ಬನ್ನಿ. ಕಾಲು ಇಲ್ಲಿಡಿ. ಕೈ ಕೊಡಿ ಅತ್ತಿಗೆ."

ಅವಳು ಕೈ ಕೊಟ್ಟಳು. ಮೊದಲ ಸಲ ಕಾಲು ಜಾರಿತು. ಎರಡನೆಯ ಸಲ ಅವನು ಹಿಂದಿನ ಬಂಡೆಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಎಳೆದ. ಅಷ್ಟು ಶಕ್ತಿ ತನ್ನಲ್ಲಿ ಉಳಿದಿದೆಯೆಂದು ಅವನಿಗೇ ತಿಳಿದಿರಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ ಮೇಲೆ ಬಂದು ತಿರುಗಿ ನೋಡಿದರೆ, ಕೆಳಗಿನ ಪೆಂಗ್ವಿನ್ ಇವರ ಗೊಡವೆ ತನಗಿಲ್ಲವೆಂಬಂತೆ ಕಣ್ಣು ಮುಚ್ಚಿತ್ತು.

ಅವನ ಟವೆಲ್ ಹೊದ್ದು, ಫ್ಲಾಸ್ಕಿನ ಟೀ ಎರಡು ಗುಟುಕು ಒಳಗೆ ಹೋದ ಮೇಲೆ ಅಹಲ್ಯಾಗೆ ಮಾತು ಬಂತು.

"ನಿನ್ನ ಬಾಯಲ್ಲಿ ಅತ್ತಿಗೆ ಅಂತ ಕೇಳಿ ಎಷ್ಟು ವರ್ಷ ಆಯ್ತು."

"ಹಾಗೆ ಕರೀಬಹುದೋ ಇಲ್ವೋ ಗೊತ್ತಿರ್ಲಿಲ್ಲ."

"ಬಿಟ್ಟಿದ್ದು ನಿಮ್ಮಣ್ಣನ್ನ. ನಿನ್ನನ್ನೂ ಬಿಟ್ಟೆ ಅಂತ ನಿನಗೆ ಯಾರು ಹೇಳಿದ್ರು?"

ಗಿರಿಧರ ಒದ್ದೆ ಪ್ಯಾಂಟಿನ ಮರಳು ಕೊಡವಿದ. ಒಂದೂವರೆ ವರ್ಷದಿಂದ ಕೇಳದೆ ಉಳಿದಿದ್ದ ಪ್ರಶ್ನೆ ಹೊರಗೆ ಬಂತು. "ಹನ್ನೊಂದು ವರ್ಷ ನಾನು ಒಂದು ಫೋನ್ ಕೂಡ ಮಾಡ್ಲಿಲ್ಲ. ಆದ್ರೂ ಯಾಕೆ ಕೊಟ್ರಿ?"

ಅಹಲ್ಯಾ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಹೂಸ್ಟನ್ ಮನೆ ಬಿಟ್ಟ ದಿನ ಬಾಡಿಗೆ ಟ್ರಕ್ ಓಡಿಸ್ಕೊಂಡು ಬಂದಿದ್ದು ನೀನು. ಅವತ್ತು ಎಲ್ರೂ ನನಗೆ ಬುದ್ಧಿ ಹೇಳೋರೇ. ನೀನೊಬ್ಬ ಒಂದು ಮಾತೂ ಆಡ್ಲಿಲ್ಲ. ಜಾರ್ಜ್‌ಟೌನಲ್ಲಿ ಮಂಚ ಜೋಡ್ಸಿದೆ, ಬಾತ್‌ರೂಮಿಗೆ ಬಲ್ಬ್ ಹಾಕ್ದೆ, ಹೊರಟುಹೋದೆ. ಬೆಳಗ್ಗೆ ಎದ್ದು ಫ್ರಿಜ್ ತೆಗೆದ್ರೆ ಹಾಲಿತ್ತು. ಯಾವಾಗ ತಂದಿಟ್ಟಿದ್ಯೋ. ಆ ಮನೇಲಿ ನಾನು ಮೊದಲು ಮಾಡಿದ್ದು ಒಂದು ಲೋಟ ಕಾಫಿ."

ಗಿರಿಧರನಿಗೆ ಆ ದಿನದ ನೆನಪಿದ್ದದ್ದು ನಾಚಿಕೆಯಾಗಿ ಮಾತ್ರ. ಒಂದು ಸಮಾಧಾನದ ಮಾತಾಡಲೂ ತನ್ನಿಂದ ಆಗಲಿಲ್ಲವಲ್ಲ ಎಂದು. ಹಾಲಿನ ವಿಷಯ ಅವನಿಗೆ ಮರೆತೇ ಹೋಗಿತ್ತು.

"ಅದಕ್ಕೇ ಕೊಟ್ರಾ?"

"ಹಾಲಿಗೆ ಯಾರಾದ್ರೂ ಕಿಡ್ನಿ ಕೊಡ್ತಾರೇನೋ?" ಅವಳು ನಕ್ಕಳು. "ನಿನಗೆ ಬೇಕಿತ್ತು, ನನ್ನ ಹತ್ರ ಇತ್ತು. ಅದರಲ್ಲಿ ಯೋಚ್ನೆ ಮಾಡೋಕೆ ಏನೂ ಇರ್ಲಿಲ್ಲ. ನೀನೇ ಇದನ್ನ ಕಲ್ಲು ಹೊತ್ತ ಹಾಗೆ ಹೊತ್ಕೊಂಡು ಓಡಾಡ್ತಿದೀಯ."

"ಬದುಕಿಸಿದ್ರಿ ಅತ್ತಿಗೆ," ಎಂದ ಗಿರಿಧರ. ಅದಕ್ಕಿಂತ ದೊಡ್ಡ ಮಾತುಗಳನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ. ಯಾವುದೂ ನೆನಪಿಗೆ ಬರಲಿಲ್ಲ.

ಈ ಸಲ ಅಹಲ್ಯಾ ಬೇರೆ ವಿಷಯ ತೆಗೆಯಲಿಲ್ಲ. "ಹೂಂ," ಎಂದು ಅವನ ಭುಜದ ಮೇಲೆ ತಣ್ಣನೆಯ ಕೈ ಇಟ್ಟಳು.

ಅಷ್ಟರಲ್ಲಿ ಅನುಸೂಯಾ, ಇಶಾ ಬಂದರು. ಅಪ್ಪ ಸೊಂಟದವರೆಗೆ ಒದ್ದೆಯಾಗಿದ್ದದ್ದನ್ನು ಕಂಡು ಇಶಾ ಇಂಗ್ಲಿಷಿನಲ್ಲಿ ಗದರಿದಳು. ಮಾಸ್ಕ್ ಎಲ್ಲಿ, ನರ್ಸ್ ಹೇಳಿದ್ದು ಮರೆತೆಯಾ, ಎಂದು.

"ಹಾಕ್ಕೋತೀನಿ. ಬ್ಯಾಗಿಂದ ದೊಡ್ಡಮ್ಮಂಗೆ ಇನ್ನೊಂದು ಟವೆಲ್ ಕೊಡು," ಎಂದ ಗಿರಿಧರ.

ಇಶಾ ಒಂದು ಕ್ಷಣ ಯಾರಿಗೆ ಎಂಬಂತೆ ನೋಡಿದಳು. ಆಮೇಲೆ ಟವೆಲ್ ತೆಗೆದು, "ಹಿಯರ್, ದೊಡ್ಡಮ್ಮ," ಎಂದು ಅಹಲ್ಯಾಳ ತಲೆ ಒರೆಸತೊಡಗಿದಳು. ಅನುಸೂಯಾ ಯಾರನ್ನೂ ಏನೂ ಕೇಳದೆ ಉಳಿದ ಟೀಯನ್ನು ಲೋಟಕ್ಕೆ ಬಗ್ಗಿಸಿದಳು.

ಸಂಜೆ ಗಿರಿಧರ ಅಣ್ಣನಿಗೆ ಫೋನ್ ಮಾಡಿದ. ಈ ಪ್ರವಾಸದ ವಿಷಯವನ್ನು ಅಣ್ಣನಿಂದ ಮುಚ್ಚಿಟ್ಟಿದ್ದ. ಇನ್ನು ಮುಚ್ಚಿಡುವುದು ಬೇಡವೆನಿಸಿತು. ಯಾರ ಜೊತೆ ಬಂದಿದ್ದೇನೆ, ಯಾಕೆ ಬಂದಿದ್ದೇನೆ ಎಂದು ನೇರವಾಗಿ ಹೇಳಿದ.

"ಒಳ್ಳೇದು ಮಾಡ್ದೆ," ಎಂದ ಶಿವಾನಂದ. "ನನ್ನ ತಮ್ಮನ್ನ ಉಳಿಸಿದಾಳೆ. ನನ್ನ ಪರವಾಗೂ ಒಂದು ಮಾತು ಹೇಳು."

"ಅದನ್ನ ನೀನೇ ಹೇಳ್ಬೇಕಣ್ಣ."

"ಹೌದು. ಹೇಳ್ತೀನಿ," ಎಂದ ಶಿವಾನಂದ. ನಂಬರ್ ಕಳಿಸು ಎಂದ.

ಕಳಿಸಲೇ ಎಂದು ಕೇಳಿದ್ದಕ್ಕೆ ಅಹಲ್ಯಾ, "ಕಳ್ಸು. ಫೋನ್ ಎತ್ತಿದ್ರೆ ನನಗೇನೂ ಆಗಲ್ಲ," ಎಂದು, ಒದ್ದೆಯಾದ ಸ್ವಿಮ್‌ಸೂಟನ್ನು ಬಾಲ್ಕನಿಯ ಕಂಬಿಯ ಮೇಲೆ ಹರವಲು ಹೋದಳು. ನಾಳೆಯೂ ಇಳಿಯುವವಳಿದ್ದಳು. ನೀರು ಏರುವ ಹೊತ್ತು ಯಾವುದು ನೋಡಿ ಹೇಳು ಎಂದು ಅಲ್ಲಿಂದಲೇ ಕೇಳಿದಳು.

ಗಿರಿಧರ ಫೋನಿನಲ್ಲಿ ಹುಡುಕುತ್ತ, ಮೇಜಿನ ಮೇಲಿದ್ದ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಗಟಗಟ ಕುಡಿದ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಅವನಿಗೆ ಗುಟುಕು ಗುಟುಕಾಗಿ ಅಳೆದ ನೀರು, ಬಾಯಾರಿದರೆ ಚೀಪಲು ಒಂದು ಐಸ್ ತುಂಡು. ಈಗ ಅವನು ಎರಡನೆಯ ಲೋಟ ತುಂಬಿಸಿಕೊಂಡು, ಅದನ್ನೂ ಕುಡಿದು, "ಹತ್ತು ಗಂಟೆಯೊಳಗೆ ಮೇಲೆ ಬಂದ್ಬಿಡಿ, ಸಾಕು," ಎಂದ.